ಶೆಟ್ಟರ ವೈರು

ಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿ, ಶಿಡ್ಲಘಟ್ಟ.
ನನ್ನ ಅಂಗಡಿಗೆ ಬೋರ್ಡಿಲ್ಲ, ಬೇಕಾಗಿಯೂ ಇಲ್ಲ;
ಬೇಯುವ ಗೂಡಿನ ವಾಸನೆ ದಾಟಿ
ಸೀಸ ಕರಗಿದ ಹೊಗೆ ಎಲ್ಲಿ ಮೂಗಿಗೆ ಹತ್ತುತ್ತದೋ
ಅದೇ ನಾನು.

ಸೋಮವಾರ ಸಂಜೆ ದ್ವಾರಕನಾಥ ಶೆಟ್ಟರು ಬಂದರು,
ಕಂಕುಳಲ್ಲಿ ವೆಲ್ವೆಟ್ ಡಬ್ಬಿ.
ಒಡವೆಯೇನೋ ಅಂದುಕೊಂಡೆ.
ತೆರೆದರೆ ವೈರು.
ಎರಡು ಮೀಟರು, ಹೆಬ್ಬೆರಳ ದಪ್ಪ,
ಮೈಮೇಲೆ ಹೆಣಿಗೆ, ತುದಿಗೆ ಚಿನ್ನದ ನೀರು.
"ಹದಿನೆಂಟು ಸಾವಿರ," ಅಂದರು ಮೆಲ್ಲಗೆ,
ಮನೆಯಲ್ಲಿ ಗೊತ್ತಿಲ್ಲದ ಸಂಗತಿಯ ದನಿಯಲ್ಲಿ.
"ಒಳಗೆ ಬೆಳ್ಳಿ. ಸುತ್ತಲೂ ರೇಷ್ಮೆ.
ಪ್ಲಾಸ್ಟಿಕ್ಕು ಸ್ವರದ ಕತ್ತು ಹಿಸುಕುತ್ತೆ ಕಣಯ್ಯ."

ಪಕ್ಕದ ಫಿಲೇಚರಿನ ಮಹಬೂಬಿ,
ರಿಪೇರಿಗೆ ಕೊಟ್ಟ ರೇಡಿಯೋ ಒಯ್ಯಲು ಬಂದವಳು,
ಬಿಸಿನೀರಲ್ಲಿ ಬೆಂದು ಬಿಳಿಚಿದ ಬೆರಳಲ್ಲಿ
ಹೆಣಿಗೆಯಿಂದ ಎದ್ದ ಒಂದೆಳೆ ಹಿಡಿದು ಉಜ್ಜಿದಳು:
"ರೇಷ್ಮೆ ಎಲ್ಲಿ ಶೆಟ್ರೇ, ಇದು ನೈಲಾನು."
ಮೂವತ್ತು ವರ್ಷ ಎಳೆ ತೆಗೆದ ಬೆರಳು.
ನಾನು ಸ್ಕ್ರೂಡ್ರೈವರ್ ಹುಡುಕುವವನಂತೆ
ಮೇಜಿನ ಕೆಳಗೆ ಬಗ್ಗಿದೆ.

"ಹೊರಗಿನದು ಹೋಗಲಿ, ಕೇಳಿ ನೋಡು," ಅಂದರು ಶೆಟ್ಟರು.
ಜೇಬಿನಿಂದ ಕ್ಯಾಸೆಟ್ಟು: ಎಂಬತ್ತಮೂರರ ಚಿಂತಾಮಣಿ,
ಅಕ್ಕನ ಮದುವೆಯ ನಾಗಸ್ವರ.
ಇಬ್ಬರನ್ನೂ ಗೋಡೆಗೆ ಮುಖಮಾಡಿ ಕೂರಿಸಿದೆ.
ಮೊದಲು ನನ್ನ ಕರಿವೈರು, ಮೀಟರಿಗೆ ಇಪ್ಪತ್ತೆರಡು ರೂಪಾಯಿ.
ಡೋಲು ಡೋಲಿನ ಹಾಗಿತ್ತು.
"ಈಗ ನಿಮ್ಮದು," ಅಂದೆ.

ಅವರದಾಗಿರಲಿಲ್ಲ.
ಆ ಚಿನ್ನದ ಮೂತಿ ನನ್ನ ಸಾಕೆಟ್ಟಿಗೆ ಹಿಡಿಸಲೇ ಇಲ್ಲ;
ಇಪ್ಪತ್ತಾರು ವರ್ಷದ ಮೆಕ್ಯಾನಿಕ್ಕು
ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ?
ಟಕ್ಕೆಂದು ಸದ್ದು ಮಾಡಿ, ಅದೇ ಕರಿವೈರಲ್ಲಿ
ಅದೇ ಟೇಪು ಮತ್ತೆ ಬಿಟ್ಟೆ.

ಶೆಟ್ಟರು ಕಣ್ಣು ಮುಚ್ಚಿದರು. ಉಸಿರೂ ಹಿಡಿದರೇನೋ.
"ಆಹಾ" ಎಂದು ಹೊರಟಿದ್ದು ಅರ್ಧಕ್ಕೇ ನಿಂತಿತು.
"ಹಿಂದಕ್ಕೆ ತಿರುಗಿಸು. ಇನ್ನೂ. ಅಲ್ಲೇ."
ಗಟ್ಟಿಮೇಳಕ್ಕೆ ಮುಂಚೆ, ನಾಗಸ್ವರ ಉಸಿರೆಳೆದುಕೊಳ್ಳುವ ಸಂದಿಯಲ್ಲಿ
ಒಂದು ಕೆಮ್ಮು.
"ನಮ್ಮ ನಾಯನ!"
(ಅಪ್ಪನನ್ನು ಅವರ ಮನೆಯಲ್ಲಿ ಕರೆಯುವುದೇ ಹಾಗೆ.)
"ಮುಹೂರ್ತ ಮೀರ್ತಿದೆ ಅಂತ ಪುರೋಹಿತರಿಗೆ ಕೆಮ್ಮಿ ತೋರಿಸ್ತಿದಾರೆ.
ನಲವತ್ತು ವರ್ಷದಿಂದ ಕೇಳ್ತಿದೀನಿ ಈ ಟೇಪು,
ಇದನ್ನ ಕೇಳಿರ್ಲಿಲ್ಲ."

ಮಹಬೂಬಿ ಯಾವಾಗಲೋ ಹಿಂತಿರುಗಿ ನೋಡಿದ್ದಳು:
ಡಬ್ಬಿಯಲ್ಲೇ ಸುರುಳಿಸುತ್ತಿ ಮಲಗಿದ ವೈರು,
ಬೆವರಿದ ನಾನು.
ಎಳೆ ಕಡಿದರೆ ಗೊಣಗದೆ
ಗಂಟು ಹಾಕಿ ಮುಂದೆ ಹೋಗುವ ಹೆಂಗಸು.
"ಹೌದು ಶೆಟ್ರೇ," ಅಂದಳು, "ನಂಗೂ ಕೇಳಿಸ್ತು."
ಸುಳ್ಳೂ ಅಲ್ಲ.

ವೈರನ್ನು ನಂಬದವನಲ್ಲ ನಾನು.
ಮಾರ್ಕೆಟ್ಟಿನ ಹಾರನ್ನಿಗೆ ನೂರೈವತ್ತು ಮೀಟರು
ಕಾಲಿಂಗ್ ಬೆಲ್ಲಿನ ಸಣಕಲು ವೈರು ಎಳೆದಿದ್ದ ಯಾವನೋ ಪುಣ್ಯಾತ್ಮ;
ಕೊನೆಯ ಕಂಬ ಮುಟ್ಟುವಷ್ಟರಲ್ಲಿ ಲಾಟ್ ನಂಬರು ಪಿಸುಮಾತಾಗಿ
ದಿಬ್ಬೂರಹಳ್ಳಿಯ ರೈತನೊಬ್ಬ
ತನ್ನ ಗೂಡು ಕೂಗಿದ್ದೇ ತಿಳಿಯದೆ ಟೀ ಕುಡಿಯುತ್ತಿದ್ದ.
ದಪ್ಪ ತಾಮ್ರ ಹಾಕಿದೆ; ಲೋಟ ಬಿಟ್ಟು ಓಡಿಬಂದ.
ಅಷ್ಟು ದೂರಕ್ಕೆ ಕರೆಂಟೂ ದಣಿಯುತ್ತದೆ.
ಎರಡು ಮೀಟರಿಗೆ?

"ಇವತ್ತು ಇಲ್ಲೇ ಇರಲಿ, ನಾಳೆ ಮನೆಗೆ ಬಂದು ಹಾಕಿಕೊಡು."
ಕ್ಯಾಸೆಟ್ಟು ಸಮೇತ ನನ್ನ ಕೈಗೆ ಬಿಟ್ಟು ಹೋದರು ಶೆಟ್ಟರು.
ರಾತ್ರಿ ಶಟರ್ ಅರ್ಧ ಎಳೆದು,
ಆ ಮೂತಿ ಬಿಚ್ಚಿ, ಬರಿ ತುದಿಯನ್ನೇ ಸಿಕ್ಕಿಸಿ
ಒಬ್ಬನೇ ಕೇಳಿದೆ, ಕಣ್ಣು ಮುಚ್ಚಿ.
ಕೆಮ್ಮು ಇತ್ತು.
ಅದರ ಹಿಂದೆ, ದೂರದಲ್ಲಿ, ಯಾರೋ ಬಳೆ ಸರಿಸಿಕೊಂಡರು.
ಸಂಜೆ ಅದು ಇರಲಿಲ್ಲ. ಇತ್ತೆ?
ಕರಿವೈರು ಕೈಗೆಟುಕುವಲ್ಲೇ ಇತ್ತು.
ಮತ್ತೆ ಹಾಕಿ ನೋಡಲಿಲ್ಲ.